ಮೂಡಬಿದ್ರೆಯ ಮೋಡದಡಿ ನಕ್ಷತ್ರದ ಲೆಕ್ಕ

ಬಂಟ್ವಾಳದ ಪೇಟೆಯಲ್ಲಿ ಜವಳಿ ಅಂಗಡಿಯೊಂದರ ಜಗಲಿಯ ಮೇಲೆ, ಒದ್ದೆ ಟ್ರಂಕನ್ನು ಕಾಲಿನ ಹತ್ತಿರ ಇಟ್ಟುಕೊಂಡು ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ:

“ಮೂಡಬಿದ್ರಿಗೆ ಹೋಗೋ ಬಸ್ಸು ಎಲ್ಲಿ ನಿಂದರ್ತದ್ರಿ?”

ಅವರು ನನ್ನನ್ನು ಒಮ್ಮೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: “ನಿಮಗೆ ಕನ್ನಡ ಬರುವುದಿಲ್ಲವಾ?”

ನಾನು ಬಿಜಾಪುರದ ಕಡೆಯವಳು. ಮಾತು ಕಲಿತದ್ದೇ ಕನ್ನಡದಲ್ಲಿ. ಅವರು ಪಾಠ ಓದಿದ ಹಾಗೆ ಒಂದೊಂದೇ ಶಬ್ದ ಬಿಡಿಸಿ ಹೇಳಿದರು: “ಬಸ್ಸು ಉಂಟು. ಆದರೆ ನದಿಯಲ್ಲಿ ನೀರು ಏರಿದೆ. ಯಾವಾಗ ಹೊರಡುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ನೀವು ಒಳಗೆ ಬಂದು ಕುಳಿತುಕೊಳ್ಳಿ.” ಆಮೇಲೆ ಅಂಗಡಿಯವರ ಕಡೆ ತಿರುಗಿ ನನಗೆ ಒಂದಕ್ಷರ ತಿಳಿಯದ ಭಾಷೆಯಲ್ಲಿ ಏನೋ ಅಂದರು. ಇಬ್ಬರೂ ನಕ್ಕರು. ಅದು ತುಳು ಎಂದು ನನಗೆ ಗೊತ್ತಾದದ್ದು ಆಮೇಲೆ.

ಕನ್ನಡ ಪ್ರದೇಶಗಳು ಒಂದೇ ರಾಜ್ಯವಾದ ಮೇಲೆ ಎಲ್ಲ ಕನ್ನಡಿಗರೂ ಒಂದೇ ಮನೆಯವರು ಎಂದು ನಮ್ಮ ಕಡೆ ಬಹಳ ಭಾಷಣಗಳಾಗಿದ್ದವು. ನಾನೂ ಕೇಳಿ ಚಪ್ಪಾಳೆ ತಟ್ಟಿದ್ದೆ. ಆ ಮನೆಯ ಇನ್ನೊಂದು ಕೋಣೆಗೆ ಬಂದು ನೋಡಿದರೆ ಮಾತು ಬೇರೆ, ಅನ್ನ ಬೇರೆ, ಮಳೆಯಂತೂ ಪೂರ್ತಿ ಬೇರೆ. ಚಾರ್ಮಾಡಿ ಘಟ್ಟ ಇಳಿದು ಬರುವಾಗ ಬೆಳ್ತಂಗಡಿಯಲ್ಲೇ ಇಳಿದಿದ್ದರೆ ವೇಣೂರಿನ ಮೇಲೆ ನೇರವಾಗಿ ಮೂಡಬಿದ್ರೆ ಸೇರಬಹುದಿತ್ತು. ಅದನ್ನು ಯಾರೂ ಹೇಳಿರಲಿಲ್ಲ. ಹಾಗಾಗಿ ಬಂಟ್ವಾಳದಲ್ಲಿ ನೇತ್ರಾವತಿಯ ಕೆಂಪು ನೀರು ಪೇಟೆಯ ಕಡೆ ಬರುವುದನ್ನು ನೋಡುತ್ತ ಅರ್ಧ ದಿನ ಕಳೆದೆ. ಅಲ್ಲಿಯವರು ಅದಕ್ಕೆ ‘ಬೊಳ್ಳ’ ಎನ್ನುತ್ತಾರೆ, ಎಂದರೆ ನೆರೆ. ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಕೆಳಗಿನ ಸಾಲಿನ ಅಂಗಡಿಯವರು ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತ, ನಡುವೆ ಚಹಾ ಕುಡಿಯುತ್ತ ಇದ್ದರು. ನಮ್ಮ ಕಡೆ ಅಷ್ಟು ನೀರು ಕಂಡಿದ್ದರೆ ಪೂಜೆ ಮಾಡುತ್ತಿದ್ದರು.

ನಾನು ಬಂದದ್ದು ಒಂದು ಹೈಸ್ಕೂಲಿಗೆ, ಗಣಿತ ಕಲಿಸಲು. ಆದರೆ ಟ್ರಂಕಿನೊಳಗೆ ಸೀರೆಗಳ ಕೆಳಗೆ ಇದ್ದದ್ದು ಬೇರೆ ಕೆಲಸ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಪುಣೆಯಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಅಲ್ಲಿಯೇ ಒಬ್ಬ ಪ್ರೊಫೆಸರರ ಕೈಕೆಳಗೆ ಲೆಕ್ಕ ಮಾಡುತ್ತಿದ್ದೆ. ಅವರು ಮೂಲತಃ ಧಾರವಾಡದವರು. ನಾನು ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದೆ. ಅವರ ವಿಷಯ ಗೆಲಾಕ್ಸಿಗಳು, ಅಂದರೆ ಕೋಟ್ಯಂತರ ನಕ್ಷತ್ರಗಳು ಒಟ್ಟಾಗಿ ತಿರುಗುವ ದೊಡ್ಡ ಸಮೂಹಗಳು. ನಮ್ಮ ಆಕಾಶಗಂಗೆಯೂ ಅಂಥದ್ದೇ ಒಂದು. ಅವುಗಳಲ್ಲಿ ಬಹಳಷ್ಟಕ್ಕೆ ಸುರುಳಿಯಾಕಾರದ ತೋಳುಗಳಿವೆ. ಕೆಲವು ಸುರುಳಿಗಳ ನಟ್ಟನಡುವೆ, ಉದ್ದಕ್ಕೆ ನೇರವಾಗಿ, ನಕ್ಷತ್ರಗಳದ್ದೇ ಒಂದು ಪಟ್ಟಿ ಇರುತ್ತದೆ. ತೋಳುಗಳು ನಡುವಿನಿಂದ ಹೊರಡದೆ ಈ ಪಟ್ಟಿಯ ಎರಡು ತುದಿಗಳಿಂದ ಹೊರಡುತ್ತವೆ. ಗುರುಗಳು ತೋರಿಸಿದ ಮೊದಲ ಫೋಟೋ ನೋಡಿ ನಾನು ಊಟ ಮರೆತಿದ್ದೆ. ಒಳಗಿನ ನಕ್ಷತ್ರಗಳು ಬೇಗ ಸುತ್ತು ಹಾಕುತ್ತವೆ, ಹೊರಗಿನವು ನಿಧಾನ. ಹಾಗಿರುವಾಗ ನೇರವಾದ ಪಟ್ಟಿ ಎರಡು ಮೂರು ಸುತ್ತಿನಲ್ಲಿ ಸುತ್ತಿಕೊಂಡು ನಾಶವಾಗಬೇಕು. ಆಗಿಲ್ಲ. ಯಾಕೆ ಆಗಿಲ್ಲ ಎಂಬುದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮ ಕೆಲಸ ಹೀಗೆ: ನಡುವೆ ಒಂದು ಪಟ್ಟಿ ಇದೆ ಎಂದುಕೊಳ್ಳುವುದು. ಅದರ ಹತ್ತಿರ ಒಂದು ನಕ್ಷತ್ರ ಇಡುವುದು. ಪಟ್ಟಿ ಅದನ್ನು ಎಷ್ಟು ಎಳೆಯುತ್ತದೆ ಎಂದು ಲೆಕ್ಕ ಹಾಕಿ, ಒಂದು ಹೆಜ್ಜೆ ಮುಂದೆ ಸರಿಸಿ, ಮತ್ತೆ ಎಳೆತದ ಲೆಕ್ಕ ಮಾಡುವುದು. ಒಂದು ನಕ್ಷತ್ರ ಒಂದು ಸುತ್ತು ಮುಗಿಸಲು ವಾರಗಟ್ಟಲೆ ಬೇಕು. ಪುಣೆಯಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಇತ್ತು. ವಿದ್ಯಾರ್ಥಿವೇತನ ಮುಗಿದಾಗ ಗುರುಗಳು, “ನೌಕರಿ ಹಿಡಿ ಗಿರಿಜಾ, ಲೆಕ್ಕ ಅಲ್ಲಿಂದಲೇ ಮಾಡಿ ಕಳಿಸು,” ಎಂದರು. ಯಂತ್ರ ಅಲ್ಲೇ ಉಳಿಯಿತು. ನನ್ನ ಪಾಲಿಗೆ ಬಂದದ್ದು ಲಾಗರಿದಂ ಪುಸ್ತಕ, ನಕ್ಷತ್ರಪಟ ಮತ್ತು ಖಾಲಿ ಹಾಳೆಗಳು.

ಮೂಡಬಿದ್ರೆಯಲ್ಲಿ ಒಂಟಿ ಹೆಂಗಸಿಗೆ ಕೋಣೆ ಕೊಡುವವರು ಸಿಗಲಿಲ್ಲ. ಕೆಲವರು ಜಾತಿ ಕೇಳಿದರು, ಕೆಲವರು ಮದುವೆ ಕೇಳಿದರು. ಕೊನೆಗೆ ವೇಣೂರು ರಸ್ತೆಯ ಬದಿಯಲ್ಲಿ ಸುಂದರಿ ಅಕ್ಕ ಎಂಬವರು ಮಹಡಿಯ ಕೋಣೆ ಕೊಟ್ಟರು. ನಲವತ್ತು ದಾಟಿದ ವಿಧವೆ. ಬೆಳಿಗ್ಗೆ ತರಕಾರಿ ಹಿತ್ತಿಲು, ಮಧ್ಯಾಹ್ನ ಹೊಲಿಗೆ ಯಂತ್ರ. ಮಾತಿನಲ್ಲಿ ಸುತ್ತುಬಳಸು ಇಲ್ಲ.

“ಟೀಚರೇ, ಒಂದು ಶರತ್ತು ಉಂಟು,” ಎಂದರು. “ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಇರಬೇಕು. ಕತ್ತಲೆ ಆದ ಮೇಲೆ ಹೊರಗೆ ಹೋಗಲಿಕ್ಕಿಲ್ಲ. ನನಗೆ ನಂಬಿಕೆ ಇಲ್ಲ ಅಂತ ಅಲ್ಲ. ಊರಿನವರ ಬಾಯಿ.”

ನಕ್ಷತ್ರದ ಕೆಲಸ ಮಾಡುವವಳಿಗೆ ಕತ್ತಲೆಯಾದ ಮೇಲೆ ಹೊರಗೆ ಹೋಗಬಾರದೆಂಬ ಶರತ್ತು. ಬೇರೆ ದಾರಿ ಇರಲಿಲ್ಲ, ಒಪ್ಪಿದೆ. ಒಪ್ಪಿದ್ದರಿಂದ ಕಳೆದುಕೊಂಡದ್ದೂ ಏನೂ ಇಲ್ಲ. ಜೂನಿನಿಂದ ನವರಾತ್ರಿಯವರೆಗೆ ನಾನು ಒಂದು ನಕ್ಷತ್ರವನ್ನೂ ಕಾಣಲಿಲ್ಲ. ನಮ್ಮೂರಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಕಿ ಮಲಗಿದರೆ ಆಕಾಶ ಮೈಮೇಲೆಯೇ ಇರುತ್ತಿತ್ತು. ಇಲ್ಲಿ ಹಂಚಿನ ಮೇಲೆ ಮಳೆ, ಮಳೆಯ ಮೇಲೆ ಮೋಡ, ಅದರ ಮೇಲೆ ಏನಿದೆಯೋ ದೇವರೇ ಬಲ್ಲ. ಲಾಗರಿದಂ ಪುಸ್ತಕದ ಹಾಳೆಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿದವು. ಬಿಡಿಸಲು ಹೋದರೆ ಅಂಕಿಗಳೇ ಕಿತ್ತು ಬರುತ್ತಿದ್ದವು. ಅಕ್ಕ ಒಲೆಯ ಮೇಲಿನ ಅಟ್ಟದಲ್ಲಿ, ಹುಣಸೆಹುಳಿ ಮತ್ತು ಮೆಣಸಿನ ಪಕ್ಕ, ನನ್ನ ಪುಸ್ತಕಕ್ಕೂ ಜಾಗ ಮಾಡಿಕೊಟ್ಟರು. ಅಲ್ಲಿಂದ ಮುಂದೆ ನನ್ನ ಲೆಕ್ಕವೆಲ್ಲ ಹೊಗೆಯ ವಾಸನೆ ಹೊಡೆಯುತ್ತಿತ್ತು.

ಊಟದ ಕಷ್ಟ ಬೇರೆ. ಕುಚ್ಚಲಕ್ಕಿಯ ಗಂಜಿ, ಎಲ್ಲದಕ್ಕೂ ತೆಂಗಿನಕಾಯಿ. ಅವ್ವ ಕಳಿಸಿದ ಜೋಳದ ಹಿಟ್ಟು ಬರುವಷ್ಟರಲ್ಲಿ ಗಂಟು ಕಟ್ಟಿ ಹುಳು ಬಿದ್ದಿತ್ತು. ಅದನ್ನು ಚೆಲ್ಲುವಾಗ ಅತ್ತೆ. ಅಕ್ಕ ನೋಡಿಯೂ ನೋಡದ ಹಾಗೆ ಒಳಗೆ ಹೋದರು. ಮರುದಿನ ಮಂಗಳೂರಿನಿಂದ ಬರುವ ಯಾರಿಗೋ ಹೇಳಿ ಜೋಳ ತರಿಸಿದರು, ಕಾಳು. ಅದನ್ನು ಬೀಸಿ, ಅಕ್ಕಿ ರೊಟ್ಟಿಯ ಹಾಗೆ ಬಾಳೆ ಎಲೆಯ ಮೇಲೆ ತಟ್ಟಿ ಬೇಯಿಸಿದರು. ನಮ್ಮ ರೊಟ್ಟಿಯ ಜಾತಿಗೂ ಅದಕ್ಕೂ ಸಂಬಂಧವಿರಲಿಲ್ಲ.

“ಹೇಗುಂಟು?” ಎಂದರು.

“ಚಲೋ ಅದರಿ,” ಎಂದೆ.

“ಸುಳ್ಳು ಹೇಳುವುದು ಬೇಡ ಟೀಚರೇ. ನನಗೇ ಗೊತ್ತಾಗ್ತದೆ.”

ಶಾಲೆಯಲ್ಲಿ ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ, ಆದರೆ ನನ್ನ ಸಮಯವೆಲ್ಲ ಶಾಲೆಯ ಸೊತ್ತು ಎಂದು ತಿಳಿದಿದ್ದರು. ವೇಳಾಪಟ್ಟಿ ನಾನೇ ಬರೆಯಬೇಕು, ಪರೀಕ್ಷೆಯ ಅಂಕಗಳ ಮೊತ್ತ ನಾನೇ ಕೂಡಿಸಬೇಕು, ಹುಡುಗಿಯರ ಪ್ರಾರ್ಥನೆಗೂ ನಾನೇ ನಿಲ್ಲಬೇಕು. ಒಮ್ಮೆ ಉತ್ಸಾಹದಿಂದ ಶಾಲೆಯ ಗೋಡೆ ಪತ್ರಿಕೆಗೆ ಗೆಲಾಕ್ಸಿಗಳ ಬಗ್ಗೆ ಬರೆದುಕೊಟ್ಟೆ. ‘ಅಡ್ಡಪಟ್ಟಿ’ ಎಂಬ ಶಬ್ದದ ಕೆಳಗೆ ಅವರು ಕೆಂಪು ಗೆರೆ ಎಳೆದಿದ್ದರು.

“ಪಟ್ಟಿ ಅಂದರೆ ಮಕ್ಕಳು ಹಾಜರಿ ಪಟ್ಟಿ ಅಂತ ತಿಳಿಯುತ್ತಾರೆ. ಕೇಂದ್ರೀಯ ದಂಡ ಅಂತ ಮಾಡುವ.”

“ದಂಡ ಅಂದ್ರ ಶಿಕ್ಷಾ ಅಂತ ತಿಳೀತಾರಲ್ರಿ ಸರ್?”

ಅವರು ಹಾಳೆಯನ್ನು ಮಡಚಿ, “ಹಾಗಾದರೆ ಸದ್ಯ ಬೇಡ ಬಿಡಿ,” ಎಂದರು. ಲೇಖನ ಗೋಡೆಗೆ ಏರಲೇ ಇಲ್ಲ.

ನಾನು ಗ್ರಹ ನಕ್ಷತ್ರ ಬಲ್ಲವಳು ಎಂಬ ಸುದ್ದಿ ಮಾತ್ರ ಪಕ್ಕದ ಪುತ್ತಿಗೆಯವರೆಗೂ ಹೋಯಿತು. ಭಾನುವಾರ ಬೆಳಿಗ್ಗೆ ಜನ ಜಾತಕ ಹಿಡಿದು ಬರತೊಡಗಿದರು. ಮಗಳಿಗೆ ಯಾವಾಗ ಗಂಡು ಸಿಗುತ್ತದೆ, ಕೋರ್ಟಿನ ತಕರಾರು ಯಾವಾಗ ಮುಗಿಯುತ್ತದೆ. ನನಗೆ ಗೊತ್ತಿಲ್ಲ ಎಂದರೆ ನಂಬುವುದಿಲ್ಲ. “ಅಷ್ಟು ದೂರದ್ದು ಗೊತ್ತುಂಟು, ಇದು ಗೊತ್ತಿಲ್ಲವಾ?” ಎಂದು ಒಬ್ಬರು ಕೋಪಿಸಿಕೊಂಡೇ ಹೋದರು. ಸಿಟ್ಟು ಬರುತ್ತಿತ್ತು. ವಾರದಲ್ಲಿ ನನಗೆ ಸಿಗುವುದೇ ಆ ಒಂದು ಬೆಳಗು.

ಇಷ್ಟೆಲ್ಲದರ ನಡುವೆ ಲೆಕ್ಕ ಸಾಗಿತು. ಗುರುಗಳ ಅಪ್ಪಣೆ, ಪಟ್ಟಿ ಅಲುಗದೆ ನಿಂತಿದೆ ಎಂದು ತಿಳಿದು ಮಾಡಬೇಕೆಂಬುದು. ಹಾಗೆ ಮಾಡಿದರೆ ನನ್ನ ನಕ್ಷತ್ರಗಳು ಪಟ್ಟಿಯ ಉದ್ದಕ್ಕೆ ಓಡಾಡುವ ಬದಲು ಅದಕ್ಕೆ ಅಡ್ಡಲಾಗಿ ಸುತ್ತು ಹಾಕಿದವು. ಪಟ್ಟಿ ಇರುವುದೇ ನಕ್ಷತ್ರಗಳಿಂದ. ನಕ್ಷತ್ರಗಳೇ ಹೀಗೆ ಅಡ್ಡ ಹೊರಟರೆ ಅದು ಉಳಿಯುವುದು ಹೇಗೆ? ತಪ್ಪು ನನ್ನದೇ ಇರಬೇಕೆಂದು ಒಂದು ಇಡೀ ಮಳೆಗಾಲ ಅದೇ ಲೆಕ್ಕವನ್ನು ತಿರುತಿರುಗಿ ಮಾಡಿದೆ. ತಪ್ಪಿರಲಿಲ್ಲ.

ಮುಂದಿನ ವರ್ಷ ಗುರುಗಳನ್ನು ಕೇಳದೆ ಪಟ್ಟಿಯನ್ನು ತಿರುಗಲು ಬಿಟ್ಟೆ. ಇಡೀ ಪಟ್ಟಿ ಗಟ್ಟಿ ವಸ್ತುವಿನ ಹಾಗೆ ಒಂದೇ ವೇಗದಲ್ಲಿ ತಿರುಗುತ್ತದೆ, ನಕ್ಷತ್ರಗಳು ಅದರೊಳಗೆ ತಮ್ಮ ತಮ್ಮ ವೇಗದಲ್ಲಿ ಹರಿಯುತ್ತವೆ, ಹೀಗೆಂದುಕೊಂಡೆ. ಲೆಕ್ಕ ಎರಡರಷ್ಟು ಕಷ್ಟವಾಯಿತು. ಆದರೆ ಮೊದಲ ನಕ್ಷತ್ರವೇ ಸುತ್ತು ಮುಗಿಸುವಾಗ ಪಟ್ಟಿಯ ಉದ್ದಕ್ಕೆ ಒರಗಿತು. ಎರಡನೆಯದೂ ಹಾಗೆಯೇ. ನಡುವಿನಿಂದ ದೂರ ಹೋದಂತೆ ಒಂದು ಕಡೆ ನಕ್ಷತ್ರದ ಸುತ್ತೂ ಪಟ್ಟಿಯ ಸುತ್ತೂ ಸರಿಸಮವಾಗುತ್ತವೆ. ಅದರ ಒಳಗಿನ ನಕ್ಷತ್ರಗಳು ಪಟ್ಟಿಯನ್ನು ಕಟ್ಟಿ ನಿಲ್ಲಿಸುತ್ತವೆ, ಆಚೆಯವು ಅಡ್ಡ ತಿರುಗುತ್ತವೆ. ಫೋಟೋಗಳಲ್ಲಿ ಪಟ್ಟಿ ಮುಗಿದು ತೋಳು ಹೊರಡುವ ಜಾಗವೂ ಹೆಚ್ಚುಕಡಿಮೆ ಅಲ್ಲಿಯೇ. ನಾನು ಕೆಳಗೆ ಓಡಿ ಹೋಗಿ, “ಅಕ್ಕಾ, ಪಟ್ಟಿ ತಿರುಗತೈತ್ರಿ!” ಎಂದೆ.

ಅಕ್ಕ ಹೊಲಿಗೆ ನಿಲ್ಲಿಸಿ, “ಒಳ್ಳೆಯದಾಯಿತು. ಇನ್ನಾದರೂ ಸರಿಯಾಗಿ ಊಟ ಮಾಡಿ,” ಎಂದರು.

ಎಲ್ಲವನ್ನೂ ಶುದ್ಧವಾಗಿ ಬರೆದು ಪುಣೆಗೆ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ. ದೀಪಾವಳಿ ಕಳೆಯಿತು. ಅಂಚೆಯವನು ರಸ್ತೆಯ ತಿರುವಿನಲ್ಲಿ ಕಂಡರೆ ಬಾಗಿಲಿಗೆ ಓಡುತ್ತಿದ್ದೆ, ಅವನು ಮುಂದೆ ಹೋದರೆ ಮಕ್ಕಳ ಮೇಲೆ ರೇಗುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯಿತು. ಡಿಸೆಂಬರಿನಲ್ಲಿ ಎರಡು ಸಾಲಿನ ಕಾರ್ಡು ಬಂತು: ಗುರುಗಳು ಪತ್ನಿಯೊಂದಿಗೆ ಕ್ಷೇತ್ರದರ್ಶನಕ್ಕೆ ಬರುತ್ತಾರೆ, ಬೆಳ್ತಂಗಡಿಯಲ್ಲಿ ಒಂದು ಮಧ್ಯಾಹ್ನ ತಂಗುತ್ತಾರೆ, ಬಂದು ಕಾಣು.

ಅಕ್ಕ ನನ್ನನ್ನು ಒಬ್ಬಳೇ ಹೋಗಲು ಬಿಡಲಿಲ್ಲ. ಇಬ್ಬರೂ ವೇಣೂರಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ಕೊಯ್ಲಾದ ಗದ್ದೆಗಳು, ಫಲ್ಗುಣಿ ಹೊಳೆಯ ತಿಳಿನೀರು, ಅಪರೂಪದ ಬಿಸಿಲು. ನನಗೆ ಯಾವುದೂ ಕಾಣಲಿಲ್ಲ. ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದೆ.

ಹೋಟೆಲಿನ ಮೇಲಿನ ಕೋಣೆಯಲ್ಲಿ ಗುರುಗಳು ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಕೂದಲು ಬೆಳ್ಳಗಾಗಿತ್ತು. ನಮಸ್ಕಾರ ಮಾಡಿದೆ.

“ಬಾರವ್ವಾ ಗಿರಿಜಾ. ಸೊರಗೀದಿ,” ಎಂದರು. ಅವರ ಪತ್ನಿ ನಮಗೆ ಬಾಳೆಹಣ್ಣು ಕೊಟ್ಟರು. ಊರು, ಮಳೆ, ಘಟ್ಟದ ರಸ್ತೆ ಎಲ್ಲ ಮಾತಾಯಿತು. ಕೊನೆಗೆ ನಾನೇ ಕೇಳಿದೆ: “ಸರ್, ನನ್ನ ಲೆಕ್ಕ ಬಂದು ಮುಟ್ಟೇತೇನ್ರಿ?”

“ಮುಟ್ಟೇತಿ, ಮುಟ್ಟೇತಿ.” ಅವರು ಕನ್ನಡಕ ತೆಗೆದು ಒರೆಸಿದರು. “ಆದ್ರ ನೋಡು, ಕಾಲ ಬದಲಾಗೇದ. ಅಮೆರಿಕಾದಾಗ ಎಲೆಕ್ಟ್ರಾನಿಕ್ ಯಂತ್ರದೊಳಗ ಸಾವಿರಗಟ್ಟಲೆ ನಕ್ಷತ್ರ ಒಮ್ಮೆಲೇ ಹಾಕಿ ತಿರುಗಸ್ಯಾರ. ಪಟ್ಟಿ ಇಟ್ಟಿಲ್ಲ ಏನಿಲ್ಲ, ಬರೇ ತಾಟಿನಂಥಾ ದುಂಡನ ಗುಂಪು. ಪಟ್ಟಿ ತಾನ ಹುಟ್ಟೇತಂತ. ನೀ ಒಂದೊಂದು ನಕ್ಷತ್ರ ಕೈಲೆ ಓಡಿಸಿ ಮುಗಿಸೋದರಾಗ ಅವರು ನೂರು ಗೆಲಾಕ್ಸಿ ಮಾಡಿರ್ತಾರ.”

ಆದರೂ ಕೇಳಿದೆ: “ಆ ಪಟ್ಟಿ ತಿರುಗ್ತದೇನ್ರಿ ಅವರ ಯಂತ್ರದಾಗ?”

“ತಿರುಗ್ತದ ಅಂತ.”

“ನಾನೂ ಅದನ್ನ ಬರದೇನ್ರಿ. ಒಳಗಿನ ನಕ್ಷತ್ರ ಹೆಂಗ ನಿಲ್ತಾವ ಅನ್ನೋದೂ ಅದರಾಗ ಐತಿ.”

ಗುರುಗಳು ಕಿಟಕಿಯ ಕಡೆ ನೋಡಿದರು. “ನಿಂತ ಪಟ್ಟಿದು ನಾವು ಪ್ರಕಟಣೆಗೆ ಕಳಿಸಿ ಆತು. ಈಗ ಅದನ್ನ ಬದಲಿ ಮಾಡಾಕ ಆಗೂದಿಲ್ಲ.”

ಅಲ್ಲಿಯವರೆಗೆ ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ಅಕ್ಕ ಆಗ ಬಾಯಿ ಬಿಟ್ಟರು: “ಸ್ವಾಮೀ, ಒಂದು ಮಾತು ಕೇಳ್ತೇನೆ. ಟೀಚರ್ ಕಳಿಸಿದ್ದನ್ನು ನೀವು ಓದಿದ್ದೀರಾ?”

ಗುರುಗಳ ಪತ್ನಿ ಗಂಡನ ಮುಖ ನೋಡಿದರು.

“ಪೂರ್ತಿ ಓದಾಕ ವ್ಯಾಳೆ ಸಿಕ್ಕಿಲ್ಲ,” ಎಂದರು ಗುರುಗಳು.

“ಸಿಕ್ಕಿಲ್ಲ ಅಂತಾದರೆ ಅದು ಬೇರೆ,” ಎಂದರು ಅಕ್ಕ.

ಏಳುವ ಹೊತ್ತಿಗೆ ಗುರುಗಳು ಒಂದು ಮಾತು ಹೇಳಿದರು. ಬರುವ ವರ್ಷ ಪುಣೆಯಲ್ಲಿ ಲೆಕ್ಕದ ಸಹಾಯಕಿಯ ಜಾಗವೊಂದು ಆಗುತ್ತದೆ, ಬೇಕಾದರೆ ಬಾ, ಆದರೆ ನಾವು ಕೊಟ್ಟ ಲೆಕ್ಕವನ್ನಷ್ಟೇ ಮಾಡಬೇಕು. ಮೊದಲ ಮಳೆಗಾಲದಲ್ಲಿ ಯಾರಾದರೂ ಈ ಮಾತು ಹೇಳಿದ್ದರೆ ಮೊದಲು ಸಿಕ್ಕ ಬಸ್ಸಿನಲ್ಲೇ ಹೊರಟುಬಿಡುತ್ತಿದ್ದೆ. ಈಗ, “ವಿಚಾರ ಮಾಡಿ ಬರೀತೀನ್ರಿ,” ಎಂದೆ.

ವಾಪಸು ಬರುವಾಗ ವೇಣೂರು ದಾಟುವವರೆಗೆ ಸಿಟ್ಟಿನಲ್ಲೇ ಇದ್ದೆ. ಸಿಟ್ಟು ಗುರುಗಳ ಮೇಲೋ, ಆ ಯಂತ್ರದ ಮೇಲೋ, ಈ ಮಳೆಯ ಊರಿನ ಮೇಲೋ ತಿಳಿಯುತ್ತಿರಲಿಲ್ಲ. ಪುಣೆಯಲ್ಲೇ ಇದ್ದಿದ್ದರೆ ದಿನಾ ಅವರ ಮೇಜಿನ ಮೇಲೆ ಹಾಳೆ ಇಟ್ಟು ಓದಿಸುತ್ತಿದ್ದೆ. ದೂರದಲ್ಲಿರುವವರ ಕೆಲಸ ಯಾರ ಮೇಜಿನ ಮೇಲೂ ಇರುವುದಿಲ್ಲ.

“ನಾನು ಹಾಗೆ ಕೇಳಬಾರದಿತ್ತಾ?” ಎಂದರು ಅಕ್ಕ.

“ನಾ ಕೇಳಬೇಕಾಗಿತ್ತು ಅಕ್ಕಾ. ನನಗ ಧೈರ್ಯ ಆಗ್ಲಿಲ್ಲ.”

“ಅವರು ದೊಡ್ಡವರು, ನೀವು ಕೇಳಲಿಕ್ಕೆ ಆಗುವುದಿಲ್ಲ. ನನಗೇನು, ನನಗೆ ಅವರು ಗುರುವಾ?”

ಜನವರಿ ಪೂರ್ತಿ ಪುಣೆಗೆ ಏನು ಬರೆಯುವುದೆಂದು ತೋಚಲಿಲ್ಲ. ಒಂದು ದಿನ ಸುಮ್ಮನೆ ನಕ್ಷತ್ರಪಟ ಬಿಚ್ಚಿ ಕುಳಿತಿದ್ದಾಗ ದಕ್ಷಿಣದ ಕಡೆಯ ಒಂದು ಗುರುತಿನ ಮೇಲೆ ಕಣ್ಣು ನಿಂತಿತು. ದೊಡ್ಡ ಮೆಗೆಲನ್ ಮೋಡ ಎಂದು ಅದರ ಹೆಸರು. ಮೋಡವೆಂದು ಹೆಸರಾದರೂ ಅದು ನಮ್ಮ ಆಕಾಶಗಂಗೆಯ ಪಕ್ಕದ ಒಂದು ಚಿಕ್ಕ ಗೆಲಾಕ್ಸಿ. ಅದಕ್ಕೂ ಪಟ್ಟಿ ಇದೆ. ಅದೂ ಮೊಂಡು ಪಟ್ಟಿ, ಗೆಲಾಕ್ಸಿ ಸುತ್ತುವ ನಡುಜಾಗದಲ್ಲಿ ಇರದೆ ಒಂದು ಬದಿಗೆ ಸರಿದಿದೆ, ತೋಳು ಒಂದೇ. ಪಟ್ಟಿ ಇರುವ ಗೆಲಾಕ್ಸಿಯನ್ನು ದುರ್ಬೀನು ಇಲ್ಲದೆ ಬರಿಗಣ್ಣಿನಿಂದ ನೋಡುವುದಾದರೆ ಇದನ್ನೇ ನೋಡಬೇಕು. ಪುಣೆಯಲ್ಲಿ ಅದು ದಿಗಂತಕ್ಕೆ ಅಂಟಿಕೊಂಡೇ ಮುಳುಗುತ್ತದೆ, ಕಾಣುವುದಿಲ್ಲ. ಬಿಜಾಪುರದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಮೂಡಬಿದ್ರೆ ಇನ್ನೂ ದಕ್ಷಿಣಕ್ಕಿದೆ. ಇಲ್ಲಿ ಅದು ದಿಗಂತ ಬಿಟ್ಟು ಸ್ವಲ್ಪ ಮೇಲೇಳಬೇಕು. ಫೆಬ್ರವರಿಯಲ್ಲಾದರೆ ಸಂಜೆ ಕತ್ತಲಾದ ಕೂಡಲೇ. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ. ಈ ಊರಿಗೆ ಆಕಾಶವೇ ಇಲ್ಲವೆಂದು ತೀರ್ಮಾನಿಸಿದ್ದವಳು ಹುಡುಕುವುದಾದರೂ ಯಾಕೆ?

ಅಕ್ಕನಿಗೆ ಹೇಳಿದೆ. ದಕ್ಷಿಣ ಬಯಲಾಗಿ ಕಾಣುವ ಎತ್ತರದ ಜಾಗ ಬೇಕು, ಕತ್ತಲಾಗುವಾಗ ಅಲ್ಲಿರಬೇಕು.

“ಯಾವುದನ್ನು ನೋಡಲಿಕ್ಕೆ?”

“ಒಂದು ಮೋಡ.”

“ಇಷ್ಟು ವರ್ಷ ಮೋಡ ನೋಡಿದ್ದು ಸಾಲಲಿಲ್ಲವಾ ಮಾರಾಯ್ತಿ?” ಎಂದರು. ನಕ್ಕು ಮುಗಿಸಿ, “ಪುತ್ತಿಗೆ ಕಡೆ ಒಂದು ಪಾದೆ ಉಂಟು. ನಾನೂ ಬರ್ತೇನೆ. ನನ್ನೊಟ್ಟಿಗೆ ಇದ್ದರೆ ಯಾರೂ ಏನೂ ಹೇಳುವುದಿಲ್ಲ,” ಎಂದರು. ಪಾದೆ ಎಂದರೆ ಬಂಡೆಯ ಗುಡ್ಡ.

ಸಂಜೆ ಅಕ್ಕ ಸೀರೆ ಮೇಲೆ ಕಟ್ಟಿ, ಒಂದು ಕೈಯಲ್ಲಿ ಲಾಟೀನು ಹಿಡಿದು ಮುಂದೆ ನಡೆದರು. ಬಂಡೆ ಹಗಲಿನ ಬಿಸಿ ಹಿಡಿದುಕೊಂಡಿತ್ತು. ಲಾಟೀನು ಆರಿಸಿ ಕುಳಿತೆವು. ಒಂದೊಂದಾಗಿ ಚುಕ್ಕೆ ಬಂದವು. ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಬೆಳ್ಳಗೆ ಹೊಳೆಯಿತು. ಅದರ ಕೆಳಗೆ, ಬಲಕ್ಕೆ ತುಸು ಸರಿದು ಹುಡುಕಬೇಕು. ನೇರ ನೋಡಿದರೆ ಏನೂ ಇಲ್ಲ. ದೃಷ್ಟಿಯನ್ನು ಪಕ್ಕಕ್ಕೆ ಸರಿಸಿದೆ. ತೆಳ್ಳಗೆ, ಸ್ಲೇಟು ಒರೆಸಿದಾಗ ಉಳಿಯುವ ಬಳಪದ ಹಾಗೆ, ಒಂದು ಬೂದು ಕಲೆ. ಇದೆಯೋ ಇಲ್ಲವೋ ಎಂಬಷ್ಟು.

“ಅಕ್ಕಾ, ಅಲ್ಲಿ.”

“ಎಲ್ಲಿ? ನನಗೆ ಕಾಣುವುದಿಲ್ಲ.”

“ಅದನ್ನ ನೋಡಬ್ಯಾಡ್ರಿ. ಅದರ ಬಾಜೂಕ ನೋಡ್ರಿ.”

ಅಕ್ಕ ಬಹಳ ಹೊತ್ತು ನೋಡಿದರು. “ಎಂಥದೋ ಉಂಟು. ಇದಕ್ಕಾ ನೀವು ಇಷ್ಟು ವರ್ಷ ಊಟ ಬಿಟ್ಟದ್ದು?”

ಹೌದೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನ ಗದ್ದೆಯ ಬದಿಯಲ್ಲಿ ಯಾರೋ ಸುಡುಮಣ್ಣಿಗೆ ಬೆಂಕಿ ಕೊಟ್ಟರು. ಇಲ್ಲಿ ಬೇಸಗೆಯಲ್ಲಿ ತರಗೆಲೆ ಮಣ್ಣು ಒಟ್ಟಿ ಸುಟ್ಟು ಗೊಬ್ಬರ ಮಾಡುತ್ತಾರೆ. ಹೊಗೆ ನಿಧಾನವಾಗಿ ಎದ್ದು ದಕ್ಷಿಣದ ಅಂಚಿನ ಉದ್ದಕ್ಕೂ ಹರಡಿತು. ಬೂದು ಕಲೆ ಹೋಯಿತು. ನಾನು ಎದ್ದು ನಿಂತು, ನಮ್ಮ ಕಡೆಯ ಮಾತಿನಲ್ಲಿ, ಬರೆಯಲು ಬಾರದ ಹಾಗೆ ಬೈದೆ. ಅಕ್ಕನಿಗೆ ಅರ್ಥವಾಗದಿದ್ದರೂ ಭಾವ ತಿಳಿಯಿತು.

“ಕುಳಿತುಕೊಳ್ಳಿ ಟೀಚರೇ. ಅವರ ಗದ್ದೆ, ಅವರು ಸುಡ್ತಾರೆ. ನಾಳೆ ಪುನಃ ಬರುವ.”

ಮರುದಿನ ಮಂಜು ಮುಸುಕಿತ್ತು. ಅದರ ಮರುದಿನವೂ. ಆಮೇಲೆ ಚಂದ್ರ ಬಂದ. ಆ ವರ್ಷ ಮತ್ತೆ ಕಾಣಲಿಲ್ಲ. ಆದರೆ ಒಂದು ಸಲ ಕಂಡಿತ್ತು, ನಾನೂ ಅಕ್ಕನೂ ಕಂಡಿದ್ದೆವು. ಅದೇ ವಾರ ಗುರುಗಳಿಗೆ ಬರೆದೆ: ತಿರುಗುವ ಪಟ್ಟಿಯ ಕೆಲಸ ಮುಂದುವರಿಸಲು ಬಿಡುವುದಾದರೆ ಬರುತ್ತೇನೆ, ಇಲ್ಲವಾದರೆ ಇಲ್ಲಿಯೇ ಮಾಡುತ್ತೇನೆ. ಬಹಳ ದಿನಗಳ ನಂತರ ಉತ್ತರ ಬಂತು. ಜಾಗ ಭರ್ತಿಯಾಗಿದೆ. ಜೊತೆಗೆ, ನಿಂತ ಪಟ್ಟಿಯ ಪ್ರಬಂಧದ ಒಂದು ಪ್ರತಿ. ಕೊನೆಯಲ್ಲಿ ಲೆಕ್ಕಕ್ಕೆ ನೆರವಾದವರಿಗೆ ಕೃತಜ್ಞತೆ ಎಂದಿತ್ತು. ನೆರವಾದವರ ಹೆಸರು ಇರಲಿಲ್ಲ.

ಆ ದಿನ ಶಾಲೆಯಲ್ಲಿ ಹೆಡ್‌ಮಾಸ್ತರರು ಹೊಸ ವೇಳಾಪಟ್ಟಿಯ ಮಾತೆತ್ತಿದರು. “ಈ ಸಲ ಬೇರೆಯವರು ಬರೀಲಿ ಸರ್,” ಎಂದೆ. ಅವರು ಆಶ್ಚರ್ಯದಿಂದ ನೋಡಿ, “ಆಯಿತು,” ಎಂದರು. ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆ.

ಈಗಲೂ ಲೆಕ್ಕ ನಡೆದಿದೆ. ಸಾವಿರ ನಕ್ಷತ್ರಗಳನ್ನು ಒಟ್ಟಿಗೆ ಓಡಿಸುವ ಯಂತ್ರ ಪಟ್ಟಿ ಹುಟ್ಟುವುದನ್ನು ತೋರಿಸುತ್ತದೆ, ನಿಜ. ಅದರೊಳಗೆ ಸಿಕ್ಕ ಒಂದು ನಕ್ಷತ್ರ ಯಾಕೆ ಬಿಟ್ಟು ಹೋಗುವುದಿಲ್ಲ ಎಂದು ನನಗೆ ತಿಳಿಯಬೇಕು, ಅದಕ್ಕೆ ಆ ಒಂದರ ಹಿಂದೆಯೇ ಹೋಗಬೇಕು. ಇದನ್ನು ಯಾರಾದರೂ ಓದುತ್ತಾರೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದೆ ಮಾಡುವುದು ಸುಖದ ಕೆಲಸವಲ್ಲ. ಕೆಲವು ದಿನ ಹಾಳೆಗಳನ್ನೆಲ್ಲ ಅಕ್ಕನ ಬಚ್ಚಲ ಒಲೆಗೆ ಹಾಕುವ ಮನಸ್ಸಾಗುತ್ತದೆ.

ಈ ಬೇಸಗೆ ರಜೆಯಲ್ಲಿ ಊರಿಗೆ ಹೋಗಿದ್ದೆ. ಅವ್ವ ಮೊದಲ ದಿನವೇ ಹೇಳಿದಳು: ಊರ ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತಕ್ಕೆ ಜಾಗ ಖಾಲಿಯಾಗಿದೆ, ಅರ್ಜಿ ಹಾಕು, ಸಾಕು ಆ ನೀರಿನ ದೇಶ. ಇದನ್ನೇ ಕೇಳಲೆಂದು ವರ್ಷಗಟ್ಟಲೆ ಕಾದಿದ್ದೆ. “ಹಾಕ್ತೀನಿ,” ಎಂದೆ. ದಿನಗಳು ಕಳೆದವು. ಹಾಕಲಿಲ್ಲ. ಮೇ ಮುಗಿಯುವಾಗ ಒಂದು ಬೆಳಿಗ್ಗೆ, “ಮಳಿ ಹಿಡಿಯೋದರೊಳಗ ಘಟ್ಟಾ ಇಳೀಬೇಕವ್ವಾ,” ಎಂದು ಟ್ರಂಕು ಕಟ್ಟತೊಡಗಿದೆ. ಅವ್ವ ಒಲೆಯ ಮುಂದೆ ಕುಳಿತು, ದಾರಿಗೆಂದು ರೊಟ್ಟಿ ಬಡಿಯತೊಡಗಿದಳು.

ಪಕ್ಕದ ಮನೆಯ ಶಿವಕ್ಕ ಬಾಗಿಲಿಗೆ ಬಂದು ನಿಂತು ಕೇಳಿದಳು: “ಮಗಳು ಎಲ್ಲಿಗೆ ಹೊಂಟಾಳ?”

ಅವ್ವ ತಲೆ ಎತ್ತದೆ, ಹಿಟ್ಟಿನ ಮೇಲೆ ಕೈ ಆಡಿಸುತ್ತಲೇ ಹೇಳಿದಳು: “ಆಕೀ ಊರಿಗೆ.”

ನಾನು ಒಳಗಿನ ಕೋಣೆ‌ಯಲ್ಲಿ ಸೀರೆ ಮಡಚುತ್ತಿದ್ದೆ. ಹೊರಗೆ ಬಂದು, ಅದು ನನ್ನ ಊರಲ್ಲ, ಇದೇ ನನ್ನ ಊರು ಎನ್ನಬೇಕಿತ್ತು. ಹಾಗೆ ಅನ್ನಲೆಂದು ಅವ್ವ ಕಾಯುತ್ತಿದ್ದಳೇನೋ, ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಹೊತ್ತು ನಿಂತಿತ್ತು. ನಾನು ಮಡಚಿದ ಸೀರೆಯನ್ನೇ ಮತ್ತೊಮ್ಮೆ ಬಿಚ್ಚಿ ಮಡಚಿದೆ. ಆಮೇಲೆ ಸಪ್ಪಳ ಮತ್ತೆ ಶುರುವಾಯಿತು.